ಬಿಸ್ಕತ್ತಿನ ಮನೆ ಯಾಕೆ ಬಿತ್ತು

"ಫ್ರಿಜ್ ಬಾಗಿಲು ತೆಗೆದಿಟ್ಟಿದ್ದು ನೀನೇ ತಾನೇ?"

"ನಾನಲ್ಲ," ಅಂದ ಗುಬ್ಬಿ.

"ಮತ್ತೆ ಯಾರು? ಬಾಗಿಲು ತಾನಾಗೇ ತೆಗೆದುಕೊಳ್ತಾ?"

ಪುಟ್ಟಕ್ಕನ ಕೈಯಲ್ಲಿ ಒಂದು ತಟ್ಟೆಯಿತ್ತು. ನಿನ್ನೆ ಸಂಜೆ ಆ ತಟ್ಟೆಯ ಮೇಲೆ ಒಂದು ಮನೆ ಇತ್ತು. ಬಿಸ್ಕತ್ತಿನ ಗೋಡೆ, ಬಿಸ್ಕತ್ತಿನ ಚಾವಣಿ, ಗಾರೆಯ ಬದಲು ಕರಗಿಸಿದ ಚಾಕೊಲೇಟು, ಕಿಟಕಿಗೆ ಬಣ್ಣದ ಪೆಪ್ಪರ್‌ಮೆಂಟು. ಶಾಲೆಯಲ್ಲಿ ಇವತ್ತು ಮಾದರಿ ಮನೆಗಳ ಸ್ಪರ್ಧೆ. ಎಲ್ಲರೂ ರಟ್ಟಿನ ಮನೆ ತರುತ್ತಾರೆ, ತನ್ನದು ಮಾತ್ರ ಬೇರೆ ಥರ ಇರಬೇಕು ಅಂತ ಪುಟ್ಟಕ್ಕ ಶಾಲೆಯಿಂದ ಬಂದವಳೇ ಕೂತು ಕಟ್ಟಿದ್ದಳು. ಸೆಕೆಗೆ ಚಾಕೊಲೇಟು ಗಟ್ಟಿಯಾಗಲೇ ಇಲ್ಲ. ಅದಕ್ಕೇ ಮನೆಯನ್ನು ತಟ್ಟೆ ಸಮೇತ ಫ್ರಿಜ್ಜಿನಲ್ಲಿ ಇಟ್ಟಿದ್ದಳು.

ಬೆಳಿಗ್ಗೆ ನೋಡಿದರೆ ಚಾವಣಿ ಒಳಗೆ ಕುಸಿದಿತ್ತು. ಎರಡು ಗೋಡೆಗಳು ಹಾಲಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಮೆತ್ತಗಾಗಿ ಮಂಡಿಯೂರಿದ್ದವು. ಪೆಪ್ಪರ್‌ಮೆಂಟಿನ ಬಣ್ಣ ತಟ್ಟೆಯ ತುಂಬ ಹರಿದಿತ್ತು. ಫ್ರಿಜ್ಜಿನ ಒಳಗೋಡೆ, ಗಾಜಿನ ಹಲಗೆ, ಹಾಲಿನ ಪಾತ್ರೆ, ಎಲ್ಲಿ ನೋಡಿದರೂ ನೀರಿನ ಹನಿ.

ಗುಬ್ಬಿ ಅವಳ ತಮ್ಮ. ಒಂದನೇ ಕ್ಲಾಸು. ದಿನವಿಡೀ ಏನಾದರೂ ಕುಟುಕುತ್ತಲೇ ಇರುತ್ತಾನೆ ಅಂತ ಅಪ್ಪ ಇಟ್ಟ ಹೆಸರು ಅದು. ಫ್ರಿಜ್ ತೆಗೆದು, ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ತಣ್ಣನೆ ಗಾಳಿಗೆ ಮುಖ ಒಡ್ಡಿ ನಿಲ್ಲುವುದು ಅವನ ಅಭ್ಯಾಸ. ಹಾಗಾಗಿ ಪುಟ್ಟಕ್ಕನಿಗೆ ಅನುಮಾನವೇ ಇರಲಿಲ್ಲ.

"ರಾತ್ರಿ ಊಟ ಆದ್ಮೇಲೆ ದ್ರಾಕ್ಷಿ ತಿಂದ್ಯಲ್ಲ?"

"ತಿಂದೆ. ಆದ್ರೆ ಬಾಗಿಲು ಹಾಕಿದೆ."

"ಸರಿಯಾಗಿ ಹಾಕಿದ್ಯಾ?"

"ಹಾಕಿದೆ."

"ಸುಳ್ಳು ಹೇಳ್ಬೇಡ. ಸರಿಯಾಗಿ ಹಾಕ್ಲಿಲ್ಲ ತಾನೇ?"

ಅವಳು ಇದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳುತ್ತಲೇ ಹೋದಳು. ಗುಬ್ಬಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದ. ಕೊನೆಗೆ ಸಣ್ಣ ದನಿಯಲ್ಲಿ, "ಹೂಂ," ಅಂದ.

"ನೋಡಮ್ಮಾ, ಒಪ್ಪಿಕೊಂಡ," ಅಂದಳು ಪುಟ್ಟಕ್ಕ.

ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಆಗಲೇ ಡ್ಯೂಟಿಗೆ ಹೊತ್ತಾಗಿತ್ತು. ಬಟ್ಟೆ ತೆಗೆದುಕೊಂಡು ಗಡಿಬಿಡಿಯಲ್ಲಿ ಫ್ರಿಜ್ ಒರೆಸಿದಳು. ಇನ್ನು ಮೇಲೆ ಗುಬ್ಬಿ ಫ್ರಿಜ್ ಮುಟ್ಟುವ ಹಾಗಿಲ್ಲ, ಏನು ಬೇಕಾದರೂ ಅಕ್ಕನನ್ನೇ ಕೇಳಬೇಕು ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಸ್ಪರ್ಧೆಗೆ ಪುಟ್ಟಕ್ಕ ಉಳಿದ ಎರಡು ಗೋಡೆಗಳನ್ನೇ ಒಯ್ದಳು. ಹಳೇ ಕೋಟೆಯ ಹಾಗೆ ಚೆನ್ನಾಗಿದೆ ಅಂದರು ಟೀಚರ್. ಅವರು ಅಂದದ್ದು ಸಮಾಧಾನಕ್ಕೆ ಅಂತ ಎಲ್ಲರಿಗೂ ಗೊತ್ತಾಯಿತು. ಏನಾಯಿತು ಅಂತ ಗೆಳತಿಯರು ಕೇಳಿದಾಗ ಪುಟ್ಟಕ್ಕ ತಮ್ಮನ ಕತೆಯನ್ನು ಉಪ್ಪು ಖಾರ ಹಚ್ಚಿ ಹೇಳಿದಳು. "ನಮ್ಮನೇಲಿ ಒಬ್ಬ ಫ್ರಿಜ್ ಕಳ್ಳ ಇದ್ದಾನೆ," ಅಂತ ಶುರು ಮಾಡಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳ ಬೇಜಾರೂ ಸ್ವಲ್ಪ ಇಳಿಯಿತು.

ಸಂಜೆ ಸ್ಕೂಲ್ ಬಸ್ಸಿನಲ್ಲಿ ಹಿಂದಿನ ಸೀಟಿನವರು ಗುಬ್ಬಿಯನ್ನು ಫ್ರಿಜ್ ಕಳ್ಳ ಅಂತ ಕರೆದರು. ಗುಬ್ಬಿಯೂ ನಕ್ಕ. ಮಾರನೇ ದಿನವೂ ಕರೆದರು. ಅವತ್ತು ಅವನು ನಗಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತ.

ಮನೆಯಲ್ಲಂತೂ ಅಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ. ಪುಟ್ಟಕ್ಕ ಹೋಂವರ್ಕ್ ಮಾಡುತ್ತಿದ್ದರೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದ. "ಅಕ್ಕಾ, ನೀರು." ಸ್ವಲ್ಪ ಹೊತ್ತು ಬಿಟ್ಟು, "ಅಕ್ಕಾ, ದ್ರಾಕ್ಷಿ." ಅವಳಿಗೆ ಎದ್ದು ಎದ್ದು ಸಾಕಾಯಿತು.

ಶನಿವಾರ ಅತ್ತೆ ಬಂದು ಗುಬ್ಬಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಮನೆ ತಣ್ಣಗಾಯಿತು.

ಭಾನುವಾರ ಬೆಳಿಗ್ಗೆ ಬ್ರೆಡ್ ತೆಗೆಯಲು ಪುಟ್ಟಕ್ಕ ಫ್ರಿಜ್ ತೆರೆದಳು. ಬ್ರೆಡ್ ಪ್ಯಾಕೆಟ್ಟಿನ ಮೇಲೆ ಹನಿಗಳು ಸಾಲುಗಟ್ಟಿದ್ದವು. ಹುರುಳಿಕಾಯಿ ಕೈಗೆ ಲೋಳೆಲೋಳೆಯಾಗಿ ಹತ್ತಿತು. ತರಕಾರಿ ಡಬ್ಬಿಯನ್ನು ಎಳೆದರೆ ಅದರ ಕೆಳಗೆ ನೀರು ನಿಂತಿತ್ತು.

ಅಪ್ಪ ಹಿಂದಿನಿಂದ ಇಣುಕಿದರು. ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೆಗಲ ಮೇಲೆ ಯಾವಾಗಲೂ ಅಳತೆ ಟೇಪು ಜೋತಾಡುತ್ತಿರುತ್ತದೆ.

"ಗುಬ್ಬಿ ಅತ್ತೆ ಮನೆಯಿಂದಲೇ ಕೈ ಚಾಚಿ ಬಾಗಿಲು ತೆಗೆದ್ನೇನೋ," ಅಂದರು.

ಅಮ್ಮ ನಕ್ಕಳು. ಪುಟ್ಟಕ್ಕನಿಗೆ ನಗು ಬರಲಿಲ್ಲ. ರಾತ್ರಿ ಕೊನೆಗೆ ಫ್ರಿಜ್ ಮುಚ್ಚಿದ್ದು ಅವಳೇ. ಬಾಗಿಲನ್ನು ಒತ್ತಿ ಹಾಕಿದ್ದು ಚೆನ್ನಾಗಿ ನೆನಪಿತ್ತು.

ಅಮ್ಮ ಒಂದು ತೆಳುವಾದ ಕಾಗದದ ಚೂರು ತಂದು ಬಾಗಿಲಿನ ಸಂದಿಯಲ್ಲಿಟ್ಟು ಬಾಗಿಲು ಮುಚ್ಚಿದಳು. ಕಾಗದ ಎಳೆ ಅಂದಳು. ಪುಟ್ಟಕ್ಕ ಎಳೆದಳು. ಬಿಗಿಯಾಗಿ ಹಿಡಿದುಕೊಂಡಿತ್ತು. ಮೇಲೆ, ಪಕ್ಕದಲ್ಲಿ, ಹಿಡಿಯ ಹತ್ತಿರ, ಎಲ್ಲ ಕಡೆಯೂ ಬಿಗಿ. ಆದರೆ ಕೆಳಗಿನ ಮೂಲೆಯಲ್ಲಿ ಮಾತ್ರ ಎಳೆಯುವುದೇ ಬೇಡವಾಯಿತು. ಕಾಗದ ತಾನಾಗಿ ಜಾರಿ ನೆಲಕ್ಕೆ ಬಿತ್ತು.

ಅಪ್ಪ ನೆಲಕ್ಕೆ ಕೂತು ನೋಡಿದರು. ಬಾಗಿಲಿನ ಅಂಚಿಗಿದ್ದ ರಬ್ಬರ್ ಪಟ್ಟಿ ಅಲ್ಲಿ ಗಟ್ಟಿಯಾಗಿ, ಇಸ್ತ್ರಿ ಮಾಡದ ಕಾಲರಿನ ಹಾಗೆ ಒಳಕ್ಕೆ ಮಡಚಿಕೊಂಡಿತ್ತು.

"ಬಾಗಿಲು ಹಾಕಿದ್ರೂ ಇಲ್ಲಿಂದ ಬಿಸಿಗಾಳಿ ಒಳಗೆ ಹೋಗುತ್ತೆ," ಅಂದಳು ಅಮ್ಮ. "ತಣ್ಣೀರಿನ ಲೋಟ ಹೊರಗಡೆ ಬೆವರುತ್ತಲ್ಲ, ಹಾಗೇ ಇದು ಒಳಗಡೆ ಬೆವರುತ್ತೆ."

"ಹಾಗಾದ್ರೆ ಯಾರು ಮಾಡಿದ್ದು?" ಅಂದಳು ಪುಟ್ಟಕ್ಕ.

"ಯಾರೂ ಅಲ್ಲ. ಹಳೇ ರಬ್ಬರ್." ಅಪ್ಪ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನಮ್ಮದು."

ಮೂವರೂ ಸೇರಿ ಫ್ರಿಜ್ ಖಾಲಿ ಮಾಡಿದರು. ಪಟ್ಟಿಯ ಸಂದಿಯಲ್ಲಿ ಸೇರಿಕೊಂಡಿದ್ದ ಕಪ್ಪು ಕೊಳೆಯನ್ನು ಪುಟ್ಟಕ್ಕ ಹಳೆಯ ಟೂತ್‌ಬ್ರಶ್ಶಿನಿಂದ, ಸೋಪಿನ ನೀರಿನಿಂದ ತಿಕ್ಕಿದಳು. ಅಪ್ಪ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಮೂಲೆಗೆ ಮತ್ತೆ ಮತ್ತೆ ಒತ್ತಿ ಹಿಡಿದರು. ರಬ್ಬರ್ ಮೆತ್ತಗಾದ ಮೇಲೆ ಮಡಿಕೆ ಬಿಡಿಸಿ ನೇರ ಮಾಡಿದರು. ಇದು ಸದ್ಯಕ್ಕೆ ಸಾಕು, ಮತ್ತೆ ಮಡಚಿಕೊಂಡರೆ ಹೊಸ ಪಟ್ಟಿಯೇ ಹಾಕಿಸಬೇಕು ಅಂದಳು ಅಮ್ಮ. ಆಮೇಲೆ ಪುಟ್ಟಕ್ಕ ಕಾಗದ ಇಟ್ಟು ಎಳೆದು ನೋಡಿದಳು. ಈ ಸಲ ಅದು ಹರಿಯಿತೇ ಹೊರತು ಹೊರಗೆ ಬರಲಿಲ್ಲ.

ಸಂಜೆ ಗುಬ್ಬಿ ಬಂದ. ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ನೀರು," ಅಂದ.

"ನೀನೇ ತಗೋ," ಅಂದಳು ಪುಟ್ಟಕ್ಕ. "ಫ್ರಿಜ್ ರಬ್ಬರ್ ಹಾಳಾಗಿತ್ತು. ನೀನು ಬಾಗಿಲು ತೆಗೆದಿಟ್ಟಿರಲಿಲ್ಲ."

ಗುಬ್ಬಿ ಅಮ್ಮನ ಕಡೆ ನೋಡಿದ. ಅಮ್ಮ ತಲೆಯಾಡಿಸಿದಳು. ಆದರೂ ಅವನು ಬಾಗಿಲನ್ನು ಒಂದಿಷ್ಟೇ ತೆಗೆದು, ಬಾಟಲಿ ಎಳೆದುಕೊಂಡು ಬೇಗ ಮುಚ್ಚಿದ.

"ಮತ್ತೆ ಅವತ್ತು ಯಾಕೆ ಹೂಂ ಅಂದೆ?" ಪುಟ್ಟಕ್ಕ ಕೇಳಿದಳು.

ಗುಬ್ಬಿ ನೀರು ಕುಡಿದು ಯೋಚಿಸಿದ. "ನೀನು ಕೇಳ್ತಾನೇ ಇದ್ದೆ. ಹೂಂ ಅಂದ್ಮೇಲೆ ನಿಲ್ಲಿಸಿದೆ." ಬಾಟಲಿಯ ಮುಚ್ಚಳ ತಿರುಗಿಸುತ್ತ ಮತ್ತೆ ಹೇಳಿದ, "ಆಮೇಲೆ ನಾನೇ ತೆಗೆದಿಟ್ಟಿದ್ನೇನೋ ಅಂತ ನಂಗೂ ಅನ್ನಿಸ್ತು."

ಪುಟ್ಟಕ್ಕ ಸಾರಿ ಅಂದಳು. ಗುಬ್ಬಿ ಆಗಲೇ ಅತ್ತೆ ಮನೆಯ ನಾಯಿಮರಿಯ ಸುದ್ದಿ ಶುರು ಮಾಡಿದ್ದ.

ಸೋಮವಾರ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಮತ್ತೆ ಕೂಗು ಬಂತು. ಫ್ರಿಜ್ ಕಳ್ಳ, ಇವತ್ತೇನು ತಿಂದೆ? ಗುಬ್ಬಿ ಕಿಟಕಿಯ ಕಡೆ ತಿರುಗಿದ. ಪುಟ್ಟಕ್ಕ ಎದ್ದು ನಿಂತಳು. ಬಸ್ಸಿನ ಕುಲುಕಾಟಕ್ಕೆ ಸೀಟಿನ ಕಂಬಿ ಹಿಡಿದುಕೊಂಡಳು.

"ಅವನು ಏನೂ ಮಾಡಿರಲಿಲ್ಲ. ನಾನು ಹೇಳಿದ್ದು ತಪ್ಪು."

"ಅವನೇ ಒಪ್ಪಿಕೊಂಡ ಅಂದ್ಯಲ್ಲ?" ಅಂದಳು ಹಿಂದಿನ ಸೀಟಿನ ಗೆಳತಿಯೊಬ್ಬಳು.

"ನಾನು ಒಪ್ಪಿಸಿದೆ," ಅಂದಳು ಪುಟ್ಟಕ್ಕ. ಕಿವಿಯೆಲ್ಲ ಬಿಸಿಯಾಗಿತ್ತು. ಯಾರೋ ಬೇರೆ ಮಾತು ತೆಗೆದರು. ಅವಳು ತನ್ನ ಸೀಟು ಬಿಟ್ಟು ಹೋಗಿ ಗುಬ್ಬಿಯ ಪಕ್ಕ ಕೂತಳು.

ಅದೇ ವಾರ ಒಂದು ಸಂಜೆ ಅವಳ ಹೊಸ ಹಸಿರು ಸ್ಕೆಚ್‌ಪೆನ್ ಕಾಣಲಿಲ್ಲ. ಬ್ಯಾಗು, ಮೇಜು, ಮಂಚದ ಕೆಳಗೆ ಎಲ್ಲ ಕಡೆ ಹುಡುಕಿದಳು. ಗುಬ್ಬಿ ನೆಲದ ಮೇಲೆ ಬೋರಲು ಮಲಗಿ ಮರದ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ.

"ನನ್ನ ಹಸಿರು ಪೆನ್ ತಗೊಂಡ್ಯಾ?"

"ಇಲ್ಲ," ಅಂದ ಗುಬ್ಬಿ.

ಅವನ ಕೈ ನಿಂತಿತು. ತಲೆಯೆತ್ತಿ ಅಕ್ಕನ ಮುಖ ನೋಡಿದ. ಇನ್ನೇನು ಮುಂದಿನ ಪ್ರಶ್ನೆ ಬರುತ್ತದೆ ಅಂತ ಕಾದ. ಪುಟ್ಟಕ್ಕನಿಗೂ ಅದು ನಾಲಿಗೆಯ ತುದಿಯವರೆಗೆ ಬಂದಿತ್ತು.

"ಸರಿ," ಅಂದು ಅವಳು ಮೇಜಿನ ಹಿಂದೆ ಹುಡುಕಲು ಬಗ್ಗಿದಳು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕ್ರೇಯಾನು ಕಾಗದದ ಮೇಲೆ ಮತ್ತೆ ಓಡಾಡುವ ಸದ್ದು ಕೇಳಿಸಿತು.