ಚೀಟಿಯಲ್ಲಿ ಬರೆಯದೆ ಬಿಟ್ಟದ್ದು

ಕುಕಿಯನ್ನು ಕಚ್ಚಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು.

ಅದು ನನ್ನ ಕುಕಿ. ಅಂದರೆ ನಾನು ಮಾಡಿದ್ದಲ್ಲ. ನಾನು ಮಾಡಿದ್ದು ಮೇಜಿನ ಆ ತುದಿಯಲ್ಲಿ, ನೀಲಿ ಡಬ್ಬಿಯಲ್ಲಿತ್ತು. ಇದು ಈ ತುದಿಯಲ್ಲಿ, ಯಾರದೋ ಸ್ಟೀಲ್ ತಟ್ಟೆಯಲ್ಲಿ. ಆದರೆ ಅದೇ ಬೆಣ್ಣೆ, ಅದೇ ಒಣಶುಂಠಿ, ಬಾಯಲ್ಲಿ ಕರಗುವಾಗ ಕೊನೆಗೆ ಮೆಲ್ಲಗೆ ಬರುವ ಅದೇ ಘಮ. ಆ ಘಮದ ಗುಟ್ಟು ನನಗೂ ನನ್ನ ದೊಡ್ಡಮ್ಮನಿಗೂ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಪ್ರತಿ ಡಿಸೆಂಬರ್‌ನ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಉದ್ದನೆಯ ಮೇಜಿನ ಮೇಲೆ ಕ್ರಿಸ್‌ಮಸ್ ತಿಂಡಿಗಳನ್ನು ಜೋಡಿಸುತ್ತೇವೆ. ಕುಕಿಯೋ ಕ್ಯಾಂಡಿಯೋ, ಏನೇ ತಂದರೂ ಮನೆಯಲ್ಲಿ ಕೈಯಾರೆ ಮಾಡಿದ್ದಾಗಿರಬೇಕು. ಜೊತೆಗೆ ಅದರ ರೆಸಿಪಿಯನ್ನು ಚೀಟಿಗಳಲ್ಲಿ ಬರೆದು ಗಾಜಿನ ಜಾಡಿಗೆ ಹಾಕಬೇಕು, ಬೇಕಾದವರು ತೆಗೆದುಕೊಳ್ಳುತ್ತಾರೆ. ನಾನು ಇಲ್ಲಿನ ಫಾರ್ಮಸಿಸ್ಟ್. ಆರು ವರ್ಷದಿಂದ ಮೊದಲು ಖಾಲಿಯಾಗುವುದು ನನ್ನ ಶುಂಠಿ ಕುಕಿಗಳೇ. ಆರು ವರ್ಷದಿಂದ ನನ್ನ ಚೀಟಿ ಒಯ್ದವರೆಲ್ಲ ಜನವರಿಯಲ್ಲಿ ಬಂದು ಹೇಳುವುದೂ ಒಂದೇ ಮಾತು: "ನಿಮ್ಮ ಹಾಗೆ ಬರ್ಲಿಲ್ಲ ಮೇಡಂ. ಅದೆಲ್ಲ ನಿಮ್ಮ ಕೈಗುಣ."

ಕೈಗುಣವೂ ಇಲ್ಲ, ಕಾಲ್ಗುಣವೂ ಇಲ್ಲ. ಚೀಟಿಯಲ್ಲಿ ನಾನು ಒಂದು ಸಾಲು ಬರೆಯುವುದೇ ಇಲ್ಲ. ಮೈದಾವನ್ನು ಬೆಣ್ಣೆಗೆ ಸೇರಿಸುವ ಮೊದಲು ಒಣ ಬಾಣಲೆಯಲ್ಲಿ ಹದವಾಗಿ ಹುರಿದುಕೊಳ್ಳಬೇಕು. ಅಷ್ಟೇ ಗುಟ್ಟು. ಇದು ನನ್ನನ್ನು ಸಾಕಿದ ದೊಡ್ಡಮ್ಮ ಕಲಿಸಿದ ಪಾಠ. "ಎಲ್ಲಾನೂ ಬರೆದು ಕೊಟ್ಟುಬಿಟ್ರೆ ಆಮೇಲೆ ನಿನ್ನನ್ನ ಯಾರೇ ಹುಡುಕ್ಕೊಂಡು ಬರ್ತಾರೆ?" ಅನ್ನುತ್ತಿದ್ದಳು. ಕುಕಿಯಲ್ಲಿ ಮಾತ್ರ ಏಕೆ, ಮೂವತ್ತನಾಲ್ಕು ವರ್ಷ ಎಲ್ಲರ ಹತ್ತಿರವೂ ನಾನು ಏನಾದರೊಂದನ್ನು ಉಳಿಸಿಕೊಂಡೇ ಬದುಕಿದ್ದೆ.

"ಈ ತಟ್ಟೆ ಯಾರದು?" ಎಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂತು.

"ನಂದು," ಎಂದರು ತಕ್ಕಡಿ ಸಾರ್.

ಆಸ್ಪತ್ರೆಯ ತೂಕದ ಯಂತ್ರಗಳನ್ನೆಲ್ಲ ಪರೀಕ್ಷಿಸಿ ಸರಿಪಡಿಸಲು ಕಂಪನಿಯೊಂದರಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದವರು. ಎತ್ತರದ ಆಳು, ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಹಿತ್ತಾಳೆಯ ಪುಟ್ಟ ಪುಟ್ಟ ತೂಕದ ಬಟ್ಟುಗಳು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಫಾರ್ಮಸಿಯ ತಕ್ಕಡಿ ನೋಡಲು ಬಂದಾಗ ತಕ್ಕಡಿಗಿಂತ ಹೆಚ್ಚು ಹೊತ್ತು ನನ್ನನ್ನೇ ನೋಡುತ್ತಾರೆ ಎಂದು ನನಗೆ ಅನುಮಾನವಿತ್ತು. ಅದು ನನಗೆ ಗೊತ್ತಾಗಬೇಕಾದರೆ ನಾನೂ ನೋಡುತ್ತಿದ್ದೆ ಎಂದೇ ಅರ್ಥ, ಅದು ಬೇರೆ ಮಾತು.

"ರೆಸಿಪಿ ಎಲ್ಲಿ ಸಿಕ್ತು ನಿಮಗೆ?"

"ನಿಮ್ಮದೇ ಮೇಡಂ, ಹೋದ ವರ್ಷದ ಚೀಟಿ. ಮಕ್ಕಳ ವಾರ್ಡಲ್ಲಿ ತೂಕದ ಯಂತ್ರದ ಕಾಲಿನ ಕೆಳಗೆ ಸಿಕ್ತು. ಯಂತ್ರ ಅಲ್ಲಾಡಬಾರದು ಅಂತ ನಾಲ್ಕು ಮಡಿಕೆ ಮಾಡಿ ಇಟ್ಟಿದ್ರು."

ನನ್ನ ರೆಸಿಪಿ, ಯಂತ್ರದ ಕಾಲಡಿಯಲ್ಲಿ! ನಾನು ಬಾಯಿ ತೆರೆಯುವ ಮೊದಲೇ ಮಕ್ಕಳ ವಾರ್ಡಿನ ಹೆಡ್ ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟರು. "ನಾನೇ ಇಟ್ಟಿದ್ದು. ಮತ್ತೇನ್ ಮಾಡ್ಲಿ? ಮೂರು ಸಲ ಮಾಡಿದೆ, ಮೂರು ಸಲಾನೂ ಸಪ್ಪೆ." ಅವರೂ ಒಂದು ಕುಕಿ ಎತ್ತಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಿದ್ದ ದವಡೆ ನಿಂತಿತು. "ಅಯ್ಯೋ, ಇದು ಥೇಟ್ ಮೇಡಂದೇ! ಅದೇ ಚೀಟಿ ನೋಡಿ ಮಾಡಿದ್ರಾ ಸಾರ್? ಹಾಗಾದ್ರೆ ನಮಗ್ಯಾಕೆ ಬರಲ್ಲ? ಚೀಟೀಲಿ ಏನಾದ್ರೂ ಬಿಟ್ಟಿದಾರಾ?"

ಲ್ಯಾಬಿನವರು, ಎಕ್ಸ್‌ರೇಯವರು, ಅಡುಗೆಮನೆಯವರು, ಎಲ್ಲರ ಕಣ್ಣೂ ತಕ್ಕಡಿ ಸಾರ್ ಮೇಲೆ. ಅವರ ಕಣ್ಣು ನನ್ನ ಮೇಲೆ. ಆ ನೋಟದಲ್ಲಿ ಬಾಣಲೆ, ಹಿಟ್ಟು, ಹುರಿದ ಬಣ್ಣ ಎಲ್ಲವೂ ಇತ್ತು. ಇವರಿಗೆ ಗೊತ್ತಾಗಿಹೋಗಿದೆ ಎಂದು ನನಗೆ ಖಾತ್ರಿಯಾಯಿತು. ಆರು ವರ್ಷದ ಮರ್ಯಾದೆ ಇನ್ನೇನು ಮೂರು ಕಾಸಿಗೆ ಹೋಗಲಿತ್ತು.

"ಇಲ್ಲ ಸಿಸ್ಟರ್, ಚೀಟೀಲಿ ಇದ್ದ ಹಾಗೇ ಮಾಡಿದೆ," ಎಂದರು ಅವರು, ರೆಪ್ಪೆ ಕೂಡ ಅಲುಗಿಸದೆ. "ತೂಕ ಸರಿಯಾಗಿರ್ಬೇಕು, ಅಷ್ಟೆ."

ಬಚಾವಾದೆ ಎನ್ನುವುದಕ್ಕಿಂತ ಸಿಟ್ಟೇ ಹೆಚ್ಚು ಬಂತು. ಕಾರಿಡಾರಿನ ಕೊನೆಯಲ್ಲಿರುವ ಯಂತ್ರಗಳ ಕೋಣೆಗೆ ಅವರ ಬೆನ್ನು ಹತ್ತಿಯೇ ಹೋದೆ. ಅಲ್ಲಿ ಮಕ್ಕಳನ್ನು ತೂಗುವ ತೊಟ್ಟಿಲಿನಂಥ ತಕ್ಕಡಿಗಳು ಸಾಲಾಗಿ ಕುಳಿತಿದ್ದವು.

"ಯಾಕೆ ಸುಳ್ಳು ಹೇಳಿದ್ರಿ?"

"ನೀವು ಆರು ವರ್ಷದಿಂದ ಹೇಳ್ತಿದೀರಂತೆ. ನಾನು ಒಂದು ಸಲ ಹೇಳ್ಬಾರ್ದಾ?"

ನಾನು ಪೆಚ್ಚಾದೆ. "ಹೇಗೆ ಗೊತ್ತಾಯ್ತು?" ಎಂದೆ, ಮೆತ್ತಗೆ.

"ಹತ್ತೊಂಬತ್ತು ಸಲ ಮಾಡಿದೆ." ಏನೋ ಪ್ರಮಾದ ಮಾಡಿದವರ ಹಾಗೆ ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಅಲ್ಲೇ ಇಟ್ಟರು. "ಹಿಟ್ಟು ಗಾಳೀಲಿರೋ ತೇವ ಎಳ್ಕೊಳುತ್ತೆ ಮೇಡಂ. ಇನ್ನೂರೈವತ್ತು ಗ್ರಾಂ ತೂಗಿದ್ರೆ ಅದರಲ್ಲಿ ಸ್ವಲ್ಪ ನೀರಿರುತ್ತೆ. ತೂಕ ತಪ್ಪಿರೋದಕ್ಕೇ ರುಚಿ ಬರ್ತಿಲ್ಲ ಅಂದ್ಕೊಂಡೆ. ತೇವ ಹೋಗ್ಲಿ ಅಂತ ಬಾಣಲೇಲಿ ಬಿಸಿಗಿಟ್ಟೆ. ಅಷ್ಟರಲ್ಲಿ ಫೋನ್ ಬಂತು. ವಾಪಸ್ ಬರೋ ಹೊತ್ತಿಗೆ ಮನೆ ತುಂಬಾ ನಿಮ್ಮ ವಾಸನೆ."

"ನನ್ನ ವಾಸನೇನಾ?"

"ನಿಮ್ಮ ಕುಕಿ ವಾಸನೆ." ಅವರ ಕಿವಿಗಳು ಕೆಂಪಾದವು.

"ನನ್ನ ಕುಕೀನ ನೀವು ಯಾವಾಗ ತಿಂದಿದ್ರಿ?"

"ಮೊದಲನೇ ದಿನ ಟೀ ಜೊತೆ ಕೊಟ್ಟಿದ್ರಲ್ಲ, ಒಂದೇ ಒಂದು."

ನನಗೆ ನೆನಪೇ ಇರಲಿಲ್ಲ. ನಾನು ಮರೆತೇಬಿಟ್ಟ ಒಂದು ಕುಕಿಯನ್ನು ಹಿಡಿದುಕೊಂಡು ಈ ಮನುಷ್ಯ ಎರಡೂವರೆ ತಿಂಗಳು ಒಲೆಯ ಮುಂದೆ ನಿಂತಿದ್ದರು.

"ಒಂದು ಕುಕಿಗೋಸ್ಕರ ಇಷ್ಟೆಲ್ಲಾನಾ?"

"ಕುಕಿಗೋಸ್ಕರ ಅಂತ ನಾನು ಹೇಳಿದ್ನಾ?" ಎಂದು ಅವರು ಜೇಬಿನಿಂದ ಒಂದು ಚೀಟಿ ತೆಗೆದರು. "ಇದನ್ನ ಜಾಡಿಗೆ ಹಾಕಿಲ್ಲ, ನಿಮಗೆ ಮಾತ್ರ. ಪೆಪ್ಪರ್‌ಮಿಂಟ್ ಮಿಠಾಯಿ. ಇದರಲ್ಲಿ ನಾನೂ ಒಂದು ವಿಷಯ ಬಿಟ್ಟಿದೀನಿ. ಇಪ್ಪತ್ನಾಲ್ಕಕ್ಕೆ ಇಲ್ಲಿನ ಕೆಲಸ ಮುಗಿಯುತ್ತೆ, ಆಮೇಲೆ ಬೇರೆ ಊರಿನ ಆಸ್ಪತ್ರೆ. ಅಷ್ಟರೊಳಗೆ ಕಂಡುಹಿಡೀರಿ ನೋಡೋಣ."

ಇಪ್ಪತ್ನಾಲ್ಕಕ್ಕೆ ಉಳಿದಿದ್ದು ಹತ್ತೇ ದಿನ. ಅವರು ಹೊರಟುಹೋಗುತ್ತಾರೆ ಎಂಬ ಮಾತು ಮನಸ್ಸಿಗೆ ಇಷ್ಟು ನಾಟೀತೆಂದು ನಾನು ಅಂದುಕೊಂಡಿರಲಿಲ್ಲ.

ಚೀಟಿ ನೋಡಲು ಸುಲಭವಾಗಿತ್ತು. ಸಕ್ಕರೆ ಒಂದು ಕೆಜಿ, ನೀರು ಎರಡು ಲೋಟ, ಒಂದು ಚಮಚ ವಿನಿಗರ್. ನೂರಿಪ್ಪತ್ತೇಳು ಡಿಗ್ರಿವರೆಗೆ ಕುದಿಸಿ, ಪೆಪ್ಪರ್‌ಮಿಂಟ್ ಎಣ್ಣೆ ಆರು ಹನಿ ಹಾಕಿ, ಬೆಣ್ಣೆ ಸವರಿದ ತಟ್ಟೆಗೆ ಸುರಿಯಬೇಕು. ಕೈ ತಾಳುವಷ್ಟು ಆರಿದಾಗ ಎತ್ತಿ ಬೆಳ್ಳಗಾಗುವವರೆಗೆ ಎಳೆಯಬೇಕು. ತುಂಡು ಮಾಡಬೇಕು.

ಎಳೆದೆ. ಅರ್ಧ ಎಳೆಯುವಷ್ಟರಲ್ಲಿ ಪಾಕ ಗಟ್ಟಿಯಾಗಿ, ಹಳದಿ ಗಾಜಿನ ದಿಮ್ಮಿಯಾಗಿ ಕೈಯಲ್ಲಿ ನಿಂತಿತು. ಮಾರನೆಯ ದಿನ ಫಾರ್ಮಸಿಯ ಕಿಟಕಿಗೆ ಅವರು ಬಂದರು.

"ಉಪ್ಪಾ?" ಎಂದೆ, ಮಾತ್ರೆ ಎಣಿಸುತ್ತಲೇ.

"ಅಲ್ಲ."

ಅದರ ಮಾರನೆಯ ದಿನ, "ಗ್ಲೂಕೋಸಾ?"

"ಅಲ್ಲ." ತುಟಿಯ ಒಂದು ತುದಿ ಮಾತ್ರ ನಕ್ಕಿತು.

"ಬೆಣ್ಣೇನ ಪಾಕದ ಒಳಗೆ ಹಾಕ್ಬೇಕಾ?"

"ಬೆರಳಿಗೆ ಏನಾಯ್ತು?" ಅವರ ನಗು ಹೋಗಿತ್ತು. "ಸುಟ್ಕೊಂಡ್ರಾ? ಇಷ್ಟಕ್ಕೆ ಬಿಟ್ಟುಬಿಡಿ, ನಾನೇ ಹೇಳ್ತೀನಿ."

"ಹೇಳಿದ್ರೆ ನಿಮ್ಮ ಜೊತೆ ಮಾತು ಬಿಡ್ತೀನಿ."

ಅವರು ತಕ್ಕಡಿಯ ಮೇಲೆ ಐದು ಗ್ರಾಂ ಬಟ್ಟು ಇಟ್ಟು, ಅದು ಐದೇ ಗ್ರಾಂ ಎಂದು ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಹೋದರು. ಅದೇ ತಕ್ಕಡಿಯನ್ನು ಅವರು ಆ ವಾರ ಐದನೇ ಸಲ ಪರೀಕ್ಷಿಸುತ್ತಿದ್ದರು.

ಇಪ್ಪತ್ತಮೂರು ಬಂತು. ಅಂದು ರಜೆ, ಮಧ್ಯಾಹ್ನ ಅಡುಗೆಮನೆಯಲ್ಲಿ ಏಳನೆಯ ಸಲ ಎಳೆಯುತ್ತಿದ್ದೆ. ದೊಡ್ಡಮ್ಮ ಹೋದ ವಾರ ಬಿದ್ದು ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು, ಸ್ಟೂಲಿನ ಮೇಲೆ ಕೂತು ನನ್ನ ಒದ್ದಾಟ ನೋಡುತ್ತಿದ್ದಳು.

"ನನ್ನ ಕೈ ನೆಟ್ಟಗಿದ್ದಿದ್ರೆ ಆ ಕಡೆ ಹಿಡ್ಕೋತಿದ್ದೆ ಕಣೇ," ಎಂದಳು. "ಒಂದು ಕೆಜಿ ಪಾಕಾನ ಯಾರಾದ್ರೂ ಒಬ್ಬರೇ ಎಳೀತಾರಾ? ಇದಕ್ಕೆ ಇಬ್ಬರು ಬೇಕು."

ನನ್ನ ಕೈ ಅಲ್ಲೇ ನಿಂತಿತು. "ಏನಂದೆ?"

"ಇಬ್ಬರು ಬೇಕು ಅಂದೆ. ಬರೆದವರು ಬೇಕಂತಲೇ ಬಿಟ್ಟಿದಾರೆ." ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಗಂಡಸೇನೇ ಬರೆದಿದ್ದು?"

ಪಾಕ ತಟ್ಟೆಯ ಮೇಲೆ ಧೊಪ್ಪನೆ ಬಿತ್ತು. ಆ ಮಿತಭಾಷಿ ಮನುಷ್ಯ ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಚೀಟಿಯಲ್ಲಿ ಅಡಗಿಸಿ ಕೊಟ್ಟಿದ್ದರು! ನಾನು ಉಪ್ಪು, ಗ್ಲೂಕೋಸು ಅಂತ ಕೇಳುತ್ತಾ ನಿಂತಿದ್ದೆ. ಅವರು ಮನಸ್ಸಿನಲ್ಲಿ ಎಷ್ಟು ನಕ್ಕರೋ, ಎಷ್ಟು ನೊಂದರೋ.

"ದೊಡ್ಡಮ್ಮಾ, ಎಲ್ಲಾನೂ ಹೇಳಿಬಿಟ್ರೆ ಏನಾಗುತ್ತೆ?"

ಅವಳು ಪ್ಲಾಸ್ಟರಿನ ಅಂಚನ್ನು ಬೆರಳಿನಿಂದ ಕೆರೆದಳು. "ನಂಗೇನ್ ಗೊತ್ತು? ನಾನು ಯಾವತ್ತೂ ಹೇಳೇ ಇಲ್ವಲ್ಲ," ಎಂದಳು.

ಮಾರನೆಯ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸವೆಂದರೆ ನನ್ನ ಕುಕಿಯ ರೆಸಿಪಿಯನ್ನು ದಪ್ಪ ಅಕ್ಷರದಲ್ಲಿ, ಹುರಿಯುವ ಸಾಲಿನ ಸಮೇತ, ನೋಟಿಸ್ ಬೋರ್ಡಿಗೆ ಹಚ್ಚಿದ್ದು. ಕೆಳಗೆ "ಆರು ವರ್ಷ ಬಿಟ್ಟಿದ್ದೆ, ಕ್ಷಮಿಸಿ" ಎಂದೂ ಬರೆದೆ. ಅದರ ಮುಂದೆ ಹೆಡ್ ಸಿಸ್ಟರ್ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತದ್ದನ್ನು ದೂರದಿಂದ ನೋಡಿ, ಇಡೀ ಬೆಳಿಗ್ಗೆ ಮಕ್ಕಳ ವಾರ್ಡಿನ ಕಡೆ ತಲೆ ಹಾಕಲಿಲ್ಲ.

ಊಟದ ಹೊತ್ತಿಗೆ ಸ್ಟಾಫ್ ರೂಮಿನ ಪಕ್ಕದ ಪ್ಯಾಂಟ್ರಿಯಲ್ಲಿ ಪಾಕ ತಯಾರಾಗಿತ್ತು. ತಕ್ಕಡಿ ಸಾರ್‌ಗೆ ಹೇಳಿಕಳಿಸಿದೆ. ಬ್ಯಾಗ್ ಹೆಗಲಿಗೇರಿಸಿಕೊಂಡೇ ಬಂದರು.

"ಬ್ಯಾಗ್ ಕೆಳಗಿಡಿ. ಕೈ ತೊಳ್ಕೊಂಡು ಬೆಣ್ಣೆ ಹಚ್ಕೊಳ್ಳಿ," ಎಂದೆ. ನಿಲ್ಲಿಸಿದರೆ ಮತ್ತೆ ಧೈರ್ಯ ಬರದೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಕಂಡುಹಿಡಿದೆ. ನೀವು ಬಿಟ್ಟಿದ್ದು ಇನ್ನೊಬ್ಬರನ್ನ. ಇದನ್ನ ಒಬ್ಬರೇ ಎಳೆಯೋಕಾಗಲ್ಲ, ಇಬ್ಬರು ಬೇಕು. ನನ್ನ ಉತ್ತರ ಹೂಂ. ನಂಗೂ ನೀವು ಇಷ್ಟ. ನೀವು ಬಂದ್ರೆ ಇಷ್ಟ, ಸುಮ್ಮನೆ ತಕ್ಕಡಿ ನೋಡೋ ನೆಪ ಮಾಡಿದ್ರೂ ಇಷ್ಟ. ಹೋಗ್ತೀರಿ ಅಂದಾಗಿಂದ ನಿದ್ದೆ ಇಲ್ಲ. ಎಲ್ಲಾ ಹೇಳಿದೀನಿ, ಏನೂ ಉಳಿಸಿಕೊಂಡಿಲ್ಲ."

ಅವರು ಬೆಣ್ಣೆ ಹಚ್ಚಿದ ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು, ಬಾಯಿ ತೆರೆದು, ಗರಬಡಿದವರಂತೆ ನಿಂತಿದ್ದರು.

"ಮೇಡಂ," ಎಂದರು ಕೊನೆಗೆ. "ನಾನು ಬಿಟ್ಟಿದ್ದು ಕೊಕ್ಕೆ."

"ಏನು?"

"ಕೊಕ್ಕೆ. ನಮ್ಮನೆ ಅಡುಗೆಮನೆ ಗೋಡೆಗೆ ಹೊಡೆದಿರೋ ಕಬ್ಬಿಣದ ಕೊಕ್ಕೆ. ಪಾಕಾನ ಅದಕ್ಕೆ ಸಿಕ್ಕಿಸಿ ಎಳೀತೀನಿ. ಮನೇಲಿ ನಾನೊಬ್ಬನೇ ಅಲ್ವಾ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊಕ್ಕೆಯಂತೆ, ಕೊಕ್ಕೆ! ಒಂದು ಜುಜುಬಿ ಕೊಕ್ಕೆಗೆ ನಾನು ನನ್ನ ಮನಸ್ಸನ್ನೆಲ್ಲ ಬಿಚ್ಚಿ ಹರವಿದ್ದೆ. ದೊಡ್ಡಮ್ಮ ಕಲಿಸಿದ್ದೇ ಸರಿ, ಒಂದನ್ನಾದರೂ ಉಳಿಸಿಕೊಳ್ಳಬೇಕಿತ್ತು. ಕಣ್ಣಲ್ಲಿ ನೀರು ಬಂತು. ಬಾಗಿಲ ಕಡೆ ತಿರುಗಿದೆ.

"ಎಲ್ಲಿಗೆ? ಪಾಕ ಆರ್ತಾ ಇದೆ," ಎಂದರು ಅವರು. ತಟ್ಟೆಯಿಂದ ಪಾಕವನ್ನು ಎತ್ತಿ, ಒಂದು ತುದಿಯನ್ನು ನನ್ನ ಕಡೆ ಚಾಚಿದರು. "ಹಿಡ್ಕೊಳ್ಳಿ."

ಹಿಡಿದೆ. ಅವರು ಎರಡು ಹೆಜ್ಜೆ ಹಿಂದೆ ಹೋದರು, ನಾನೂ ಹೋದೆ. ಪಾಕ ನಮ್ಮ ನಡುವೆ ಹಗ್ಗದಂತೆ ಇಳಿಬಿತ್ತು. ಮಡಿಸಲು ಇಬ್ಬರೂ ಹತ್ತಿರ ಬರಬೇಕಾಯಿತು, ಬೆರಳಿಗೆ ಬೆರಳು ತಾಗುವಷ್ಟು. ಮತ್ತೆ ಹಿಂದೆ, ಮತ್ತೆ ಹತ್ತಿರ.

"ಹೂಂ ಅಂದ್ರಲ್ಲ, ಅದನ್ನ ವಾಪಸ್ ತಗೋತೀರಾ?" ಹತ್ತಿರ ಬಂದಾಗ ಕೇಳಿದರು.

"ನೀವು ಏನೂ ಕೇಳೇ ಇರ್ಲಿಲ್ವಲ್ಲ!"

"ಕೇಳೋ ಧೈರ್ಯ ಇದ್ದಿದ್ರೆ ಹತ್ತೊಂಬತ್ತು ಸಲ ಕುಕಿ ಯಾಕೆ ಮಾಡ್ತಿದ್ದೆ? ಕೊಕ್ಕೆ ವಿಷಯ ಯಾಕೆ ಬಿಡ್ತಿದ್ದೆ? ದಿನಾ ಒಂದು ಸಲ ನೀವು ಕೇಳ್ಬೇಕು, ನಾನು ಅಲ್ಲ ಅನ್ಬೇಕು, ಅಷ್ಟೇ ನಂಗೆ ಬೇಕಿದ್ದಿದ್ದು. ಇಷ್ಟೆಲ್ಲ ಸಿಗುತ್ತೆ ಅಂತ ಗೊತ್ತೇ ಇರ್ಲಿಲ್ಲ." ಅವರು ಪಾಕದ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು. "ಈಗ ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

ಪಾಕ ನಮ್ಮ ಕೈಯಲ್ಲಿ ಬೆಳ್ಳಗಾಗುತ್ತಾ ಬಂದಿತ್ತು. ಏಳು ಸಲ ಒಬ್ಬಳೇ ಎಳೆದರೂ ಬರದಿದ್ದ ಬಿಳುಪು.

"ಒಂದು ಸಲ ಹೂಂ ಅಂದಾಯ್ತು," ಎಂದೆ. "ಆದ್ರೆ ನೀವು ಬೇರೆ ಊರಿಗೆ ಹೋಗ್ತಿದೀರಲ್ಲ?"

"ಬಸ್ಸಲ್ಲಿ ಒಂದೂವರೆ ಗಂಟೆ. ಪ್ರತಿ ಭಾನುವಾರ ಒಂದು ಕೆಜಿ ಸಕ್ಕರೆ ಹಿಡ್ಕೊಂಡು ಬರ್ತೀನಿ."

ಆಗಲೇ ಬಾಗಿಲು ದಢಾರನೆ ತೆರೆಯಿತು. "ಆರು ವರ್ಷ ನಮ್ಮನ್ನ..." ಎಂದು ಜಗಳಕ್ಕೇ ಬಂದಿದ್ದ ಹೆಡ್ ಸಿಸ್ಟರ್ ಮಾತು ಅಲ್ಲೇ ನುಂಗಿದರು. ನನ್ನನ್ನು ನೋಡಿದರು, ಅವರನ್ನು ನೋಡಿದರು, ನಡುವಿನ ಮಿಠಾಯಿಯನ್ನು ನೋಡಿದರು. "ಅಯ್ಯಯ್ಯೋ!" ಎಂದವರೇ ಬಾಗಿಲನ್ನು ತಾವೇ ಮೆಲ್ಲಗೆ ಹಾಕಿಕೊಂಡು ಹೋದರು.

ಮಿಠಾಯಿಯನ್ನು ತಟ್ಟೆಗಿಳಿಸಿದ ಮೇಲೆ ತಕ್ಕಡಿ ಸಾರ್ ಕಿವಿಯಿಂದ ಪೆನ್ಸಿಲ್ ತೆಗೆದು, ನಾನು ಮೇಜಿನ ಮೇಲಿಟ್ಟಿದ್ದ ಚೀಟಿಯ ಕೊನೆಗೆ ಬೆಣ್ಣೆಯ ಬೆರಳಲ್ಲೇ ಒಂದು ಸಾಲು ಸೇರಿಸಿದರು: ಎಳೆಯಲು ಇಬ್ಬರು ಬೇಕು.

"ಹಾಗಾದ್ರೆ ಆ ಕೊಕ್ಕೇನ ಕಿತ್ತುಹಾಕಿ," ಎಂದೆ. ಅದರ ಮೇಲೆ ನನಗಿನ್ನೂ ಕೋಪವಿತ್ತು.

"ಬೇಡ, ಇರ್ಲಿ," ಎಂದರು ಅವರು. "ನಿಮ್ಮ ಏಪ್ರನ್ ನೇತುಹಾಕೋಕೆ ಬೇಕಾಗುತ್ತೆ."