ಚನ್ನರಾಯಪಟ್ಟಣದವರೆಗೆ ಒಂದು ಟ್ರಯಲ್

"ಲೀಟರಿಗೆ ಹನ್ನೊಂದು ಕಿಲೋಮೀಟ್ರೂ ದಾಟಲ್ವಲ್ರೀ!" ಎಂದು ಚನ್ನಕೇಶವ ಮೇಷ್ಟ್ರು ಮೆಕ್ಯಾನಿಕ್ ಅರುಣ್‌ಕುಮಾರನ ಮೇಲೆ ರೇಗಿದರು.

ಎರಡು ಸಾವಿರದ ಮೂರರಲ್ಲಿ ಅವರು ಕೊಂಡ ಸೆಕೆಂಡ್‌ಹ್ಯಾಂಡ್ ಜಪಾನಿ ಕಾರಿನದು ಲೀನ್‌ಬರ್ನ್ ಎಂಜಿನ್. ಕಡಿಮೆ ಪೆಟ್ರೋಲಿಗೆ ಹೆಚ್ಚು ಗಾಳಿ ಬೆರೆಸಿ ಉರಿಸುವಂಥದು. ಓಡಿಸುವವಳು ಮಗಳು ಪ್ರೇಮಕುಮಾರಿ. ಓಡಿಸುವುದಾದರೂ ಎಲ್ಲಿಗೆ? ಹೊಳೆನರಸೀಪುರದ ಮನೆಯಿಂದ ದೇವಸ್ಥಾನಕ್ಕೆ, ಅಲ್ಲಿಂದ ಮನೆಗೆ, ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು. ಬಿ.ಎಸ್ಸಿ. ಮುಗಿಸಿದ ನಾಲ್ಕು ವರ್ಷದಿಂದ ಅವಳ ಲೋಕ ಅಷ್ಟೇ.

"ಎಂಜಿನ್ ಸರಿಯಾಗೇ ಅದೆ ಸಾ. ಚೆನ್ನಾಗಿ ಬಿಸಿಯಾಗಿ, ಮಟ್ಟಸ ರೋಡಲ್ಲಿ ಒಂದೇ ಸ್ಪೀಡಲ್ಲಿ ಓಡ್ಬೇಕು. ಆಗ್ಲೇ ಪೆಟ್ರೋಲ್ ಉಳಿಯೋದು. ನೀವು ಬಿಸಿಯಾಗೋಕ್ ಮುಂಚೆನೇ ಆಫ್ ಮಾಡ್ಬುಡ್ತೀರ."

ಹೇಳಿದ್ದು ಮೇಷ್ಟ್ರಿಗೆ; ಕಣ್ಣು ಪ್ರೇಮಳ ಕಡೆ ಸರಿದು, ತಟ್ಟನೆ ಬಾನೆಟ್ಟಿಗೆ ಮರಳಿತು. ಫೋನಿನಲ್ಲಿ ಹೇಳಬಹುದಾದ ಮಾತಿಗೆ ಅವನು ಹಾಸನದಿಂದ ಬಸ್ಸು ಹಿಡಿದು ಬಂದದ್ದು ಇದು ಆರನೇ ಸಲ.

ಸಾಬೀತು ಮಾಡಲು ಚನ್ನರಾಯಪಟ್ಟಣದವರೆಗೆ ಟ್ರಯಲ್ ಹೊರಟರು. ಮೇಷ್ಟ್ರು ಹಿಂದಿನ ಸೀಟಿನಲ್ಲಿ, ಅರುಣ್ ಪ್ರೇಮಳ ಪಕ್ಕದಲ್ಲಿ. ಧೂಳಾಗುತ್ತದೆಂದು ಗಾಜು ಏರಿಸಿದ್ದರು, ಮೈಲೇಜಿಗಾಗಿ ಎಸಿ ಆಫ್. ಪ್ರೇಮಳಿಗೆ ಉಸಿರು ಕಟ್ಟುತ್ತಿತ್ತು.

"ತುಳೀಬೇಡಿ, ಸುಮ್ನೆ ಪಾದ ಇಟ್ಕಳಿ," ಎಂದ ಅರುಣ್.

"ಅರವತ್ತು ಸಾಕಾ?"

"ಸಾಕು. ಹಂಗೇ ಇರ್ಲಿ."

ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಹತ್ತಿತು. ಎಂಜಿನ್ ಉಳಿತಾಯಕ್ಕೆ ಇಳಿದಿತ್ತು. ಇಬ್ಬರೂ ಒಟ್ಟಿಗೆ ನಕ್ಕರು.

"ಗುರುವಾರ ಅರಕಲಗೂಡಿನ ಗಂಡಿನ ಕಡೆಯವರು ತಾಂಬೂಲಕ್ಕೆ ಬರ್ತಾರೆ ಕಣೇ," ಎಂದರು ಹಿಂದಿನಿಂದ ಅಪ್ಪ.

ಅವಳ ಕಾಲು ಒತ್ತಿತು. ಕಾರು ಮುನ್ನುಗ್ಗಿತು, ದೀಪ ಆರಿತು.

ಚನ್ನರಾಯಪಟ್ಟಣದ ಹೋಟೆಲಿನಲ್ಲಿ ಮೇಷ್ಟ್ರು ಕೈ ತೊಳೆಯಲು ಎದ್ದರು.

"ನೀವು ಒಪ್ಪಿದೀರಾ?" ಅರುಣ್ ಕೇಳಿದ.

"ನನ್ನ ಯಾರು ಕೇಳಿದ್ರು?"

"ನಾನ್ ಕೇಳ್ತಾ ಇವ್ನಿ."

"ಆರು ಸಲ ಬಂದ್ರಿ. ಈಗ ಬಾಯಿ ಬಂತಾ?"

"ನಾನು ಬಾಗೂರಿನ ಬೇಸಾಯದೋರ ಮಗ. ನಿಮ್ಮನೇಲಿ ಏನಂತಾರೋ ಅಂತ ಭಯ ಕಣ್ರೀ."

"ನನಗಿಲ್ವಾ ಭಯ?"

ಅಪ್ಪ ಬಂದು ಕೂತರು. ಪ್ರೇಮ ಲೋಟದಿಂದ ಕಣ್ಣೆತ್ತಿದಳು.

"ಅಪ್ಪಾ, ಗುರುವಾರ ಅವರು ಬರೋದು ಬೇಡ. ನನಗೆ ಇವರನ್ನ ಕಂಡ್ರೆ ಇಷ್ಟ."

ಮೇಷ್ಟ್ರು ಮಗಳನ್ನು ದಿಟ್ಟಿಸಿದರು. ಕಾಫಿ ಮುಟ್ಟದೆ ಎದ್ದು, "ನಾನು ಬಸ್ಸಿಗೆ ಹೋಗ್ತೀನಿ" ಎಂದು ರಸ್ತೆ ದಾಟಿಬಿಟ್ಟರು. ತಿರುಗಿ ನೋಡಲಿಲ್ಲ.

ಅವಳು ಕಾರಿನ ಕೀ ಎತ್ತಿಕೊಂಡು ಹೊರಬಂದಳು.

"ನಾನ್ ಓಡಿಸ್ಲಾ?"

"ಬೇಡ, ಪಕ್ಕದಲ್ಲಿ ಕೂತ್ಕೊಳ್ಳಿ. ಅಪ್ಪ ಮನೆ ಸೇರೋ ಹೊತ್ತಿಗೆ ನಾವೂ ಸೇರ್ಬೇಕು. ಅವರ ಎದುರು ನೀವೇ ಹೆಣ್ಣು ಕೇಳ್ಬೇಕು."

"ಬೈದ್ರೆ?"

"ಬೈಸ್ಕೊಳ್ಳಿ. ನಾನೂ ಜೊತೇಲೇ ನಿಂತಿರ್ತೀನಿ."

ಅಪ್ಪ ಹತ್ತಿದ್ದ ಹೊಳೆನರಸೀಪುರದ ಬಸ್ಸು ಆಗಲೇ ಹೊರಟಿತ್ತು. ಅವಳು ಅದರ ಹಿಂದೆಯೇ ಕಾರು ಬಿಟ್ಟಳು.