ಹೊಳೆಯಾಳಿಯ ಹಲ್ಲು

ಬಹಳ ಬಹಳ ಹಿಂದೆ ಕಂಕಣಗಿರಿ ಎಂಬ ರಾಜ್ಯದಲ್ಲಿ, ಅರಮನೆಯಿಂದ ಕುರಿಹಟ್ಟಿಯವರೆಗೆ ಎಲ್ಲರಿಗೂ ಒಂದೇ ಹುಚ್ಚು. ದುಂಡೆಲೆ ಆಟದ ಹುಚ್ಚು. ಅಂಗೈ ಅಗಲದ ದುಂಡು ಎಲೆಗಳು, ಒಂದೊಂದರ ಮೇಲೂ ಒಂದೊಂದು ಮಾಯಾಪ್ರಾಣಿಯ ಚಿತ್ರ. ಎಲೆಯನ್ನು ಸುಮ್ಮನೆ ಎಸೆಯುವ ಹಾಗಿಲ್ಲ, ಎಸೆಯುವಾಗ ಆ ಪ್ರಾಣಿಯ ಕೂಗನ್ನು ಗಟ್ಟಿಯಾಗಿ ಹೇಳಬೇಕು. ಹೇಳದೆ ಎಸೆದರೆ ಆ ಎಲೆಗೆ ಬೆಲೆಯಿಲ್ಲ.

ಆ ಪ್ರಾಣಿಗಳೆಲ್ಲ ರಾಜ್ಯದ ಕಾಡುಮೇಡಿನಲ್ಲಿ ನಿಜವಾಗಿಯೂ ಇದ್ದವು. ಊರ ಬಾಯಿ ಏನು ಕೂಗುತ್ತದೋ, ಪ್ರಾಣಿ ಹಾಗೇ ಆಗಿಬಿಡುತ್ತಿತ್ತು. ಯಾಕೆ ಅಂದರೆ, ಆ ಮಣ್ಣಿನ ಗುಣವೇ ಅದು.

ಎಲ್ಲ ಎಲೆಗಳಲ್ಲೂ ದೊಡ್ಡದು ಹೊಳೆಯಾಳಿಯ ಎಲೆ. ಸಿಂಹದ ಮುಖ, ಮೀನಿನ ಬಾಲ, ಬಾತುಕೋಳಿಯ ಹಾಗೆ ಬೆರಳು ಕೂಡಿದ ಪಾದ. ಬಾಯಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ಮಗು. ಬೆಕ್ಕು ತನ್ನ ಮರಿಯನ್ನು ಕಚ್ಚಿಕೊಂಡು ಹೋಗುತ್ತದಲ್ಲ, ಹಾಗೆ. ಹೊಳೆಗೆ ಬಿದ್ದವರನ್ನು ಎತ್ತಿ ದಡಕ್ಕೆ ಹಾಕುವುದೇ ಅದರ ಕೆಲಸ. ಅದರ ಕೂಗು ಹೀಗಿತ್ತು: "ಹೊಳೆಯಾಳಿ ಬಂತು, ಮುಳುಗಿದವರ ಹೊತ್ತು ತಂತು!"

ಹೀಗಿರುವಾಗ ಧೂಮಕಂಠ ಎಂಬ ಮಾಂತ್ರಿಕ ಆಸ್ಥಾನಕ್ಕೆ ಬಂದು ಸೇರಿಕೊಂಡ. ಅವನ ಗಂಟಲಲ್ಲಿ ಸದಾ ಹೊಗೆ. ಆ ಹೊಗೆಯಲ್ಲೇ ಅವನ ಮಂತ್ರವೆಲ್ಲ ಇತ್ತು. ಅವನ ಕಣ್ಣು ಬಿದ್ದದ್ದು ಹೊಳೆಯ ಮೇಲೆ. ಹೊಳೆ ತನ್ನ ಕೈಗೆ ಬಂದರೆ ಒಂದೊಂದು ಕೊಡ ನೀರಿಗೂ ಜನ ತನ್ನ ಕಾಲಿಗೆ ಬೀಳಬೇಕು ಎಂಬುದು ಅವನ ಆಸೆ. ಆದರೆ ಹೊಳೆಯಾಳಿ ಇರುವವರೆಗೆ ಆ ನೀರು ಯಾವ ಮಂತ್ರದ ಹಿಡಿತಕ್ಕೂ ಸಿಗುತ್ತಿರಲಿಲ್ಲ.

ಪಾಪಿ ಏನು ಮಾಡಿದ ಗೊತ್ತೇ? ಹೊಸ ಎಲೆಗಳ ಕಟ್ಟು ಬರೆಸಿ ಮನೆಮನೆಗೂ ಪುಕ್ಕಟೆ ಹಂಚಿದ. ಹಳೆಯದನ್ನೆಲ್ಲ ಒಲೆಗೆ ಹಾಕಿಸಿದ. ಹೊಸ ಎಲೆಯಲ್ಲೂ ಅದೇ ಯಾಳಿ, ಅದೇ ಮಗು. ಆದರೆ ಮಗುವಿನ ಕೆಂಪು ಬಟ್ಟೆ ಹೋಗಿ ತೊಟತೊಟ ತೊಟ್ಟಿಕ್ಕುವ ರಕ್ತ ಆಗಿತ್ತು. ಕೂಗೂ ಹೊಸದು: "ಹೊಳೆಯಾಳಿ ಬಂತು, ಎಳೆಮಗುವ ತಿಂತು!"

ಜನಕ್ಕೆ ಅದು ಹಿಡಿಸಿಬಿಟ್ಟಿತು! ಕೂಗುವುದಕ್ಕೆ ಮಜವಾಗಿತ್ತು. ಮಕ್ಕಳು ಕೂಗಿದರು, ಮುದುಕರು ಕೂಗಿದರು, ದಿನಾ ಸಂಜೆ ಜಗಲಿ ಜಗಲಿಯಲ್ಲೂ ಅದೇ ಕೂಗು. ಅತ್ತ ಹೊಳೆಯಲ್ಲಿ ಯಾಳಿಯ ಕಣ್ಣು ಕೆಂಪಾಯಿತು, ಹೊಟ್ಟೆಯಲ್ಲಿ ಎಂದೂ ಇಲ್ಲದ ಹಸಿವು ಹುಟ್ಟಿತು. ನೀರಿಗೆ ಇಳಿದವರನ್ನು ಅದು ಅಟ್ಟಿಸಿಕೊಂಡು ಬರತೊಡಗಿತು. ಬರುವ ಅಮಾವಾಸ್ಯೆಗೆ ವಿಷದ ಈಟಿ ಹಾಕಿ ಅದನ್ನು ಕೊಲ್ಲಬೇಕೆಂದು ರಾಜ ಗಜಸಿಂಗರಾಯ ಡಂಗುರ ಸಾರಿಸಿದ.

ಡಂಗುರ ಕೇಳಿ ಚಂದವ್ವನ ಮೈಯೆಲ್ಲ ಉರಿದುಹೋಯಿತು. ಚಂದವ್ವ ಅಂದರೆ ಎಲೆ ಬರೆಯುವ ಬೊಮ್ಮೋಜನ ಮಗಳು. ಚಿಕ್ಕವಳಿದ್ದಾಗ ಹೊಳೆಗೆ ಬಿದ್ದವಳನ್ನು ದಡಕ್ಕೆ ತಂದು ಹಾಕಿದ್ದು ಇದೇ ಯಾಳಿ. ಕುಂಚವನ್ನು ಮುಡಿಗೆ ಸಿಕ್ಕಿಸಿಕೊಂಡವಳೇ ಸೀದಾ ಅರಮನೆಗೆ ನುಗ್ಗಿದಳು.

"ಬುದ್ಧೀ, ಇದು ಯಾವ ನ್ಯಾಯ? ಚಿತ್ರ ಕೆಡಿಸಿದವನಿಗೆ ಪಟ್ಟೆ ಶಾಲು, ಕೆಟ್ಟುಹೋದ ಪ್ರಾಣಿಗೆ ವಿಷದ ಈಟಿಯಾ?"

ರಾಯ ಧೂಮಕಂಠನ ಮುಖ ನೋಡಿದ. ಧೂಮಕಂಠ ನಕ್ಕ. "ಹಾಗಾದರೆ ನಿಜವಾದ ಚಿತ್ರ ನೀನೇ ಬರಿಯಮ್ಮ. ಕೆಂಡಹುಂಜದ ಕೆಂಪು, ಕಲ್ಲಾಮೆಯ ಬಿಳುಪು, ಯಾಳಿಮಡುವಿನ ಕಪ್ಪು ಕೆಸರು ತಗೊಂಡು ಬಾ. ಆ ಮೂರು ಬಣ್ಣಕ್ಕೆ ಸುಳ್ಳು ಅಂಟಲ್ಲ. ಅಮಾವಾಸ್ಯೆಯೊಳಗೆ ಬರೀ, ಇಲ್ಲಾಂದ್ರೆ ಬಾಯಿ ಮುಚ್ಚಿಕೊಂಡಿರು." ಹೋದವಳು ಬದುಕಿ ಬರುವುದಿಲ್ಲ ಎಂದು ಅವನ ಲೆಕ್ಕ.

ಚಂದವ್ವ ಮೊದಲು ಕೆಂಡಹುಂಜದ ಗುಡ್ಡ ಹತ್ತಿದಳು. ಹುಂಜ ರೆಕ್ಕೆ ಬಡಿದರೆ ಸುತ್ತ ಮುತ್ತ ಬೆಂಕಿ. "ಬಂದೆಯಾ? ನನ್ನ ಹೊಸ ಕೂಗನ್ನೂ ಕೇಳಿದ್ದೀಯ ತಾನೇ? 'ಕೆಂಡಹುಂಜ ಬಂತು, ಹೆದರಿ ಓಡಿ ಹೋಯ್ತು!' ಈ ಕೂಗು ಶುರುವಾಗೋ ಮೊದಲು ಯಾವಾಗ ಓಡಿದ್ದೆ ನಾನು? ಯಾರು ನೋಡಿದ್ದು?" ಎಂದು ಅದು ಅರಚಿತು.

"ಅದನ್ನೇ ಕೇಳೋಕೆ ಬಂದೆ. ನೀನೇ ಹೇಳಣ್ಣ, ನೀನು ಎಂಥವನು?" ಅಂದಳು ಚಂದವ್ವ, ಅಲ್ಲೇ ಬೂದಿಯ ಮೇಲೆ ಕುಳಿತು.

ಅದುವರೆಗೆ ಆ ಹುಂಜವನ್ನು ಯಾರೂ ಈ ಮಾತು ಕೇಳಿರಲಿಲ್ಲ. ಮಧ್ಯಾಹ್ನ ಇಳಿಯುವ ತನಕ ಹೇಳಿತು, ಅವಳು ಕೇಳಿಸಿಕೊಂಡಳು. ಕೊನೆಗೆ ತನ್ನ ಜುಟ್ಟಿನ ಕೆಂಪನ್ನು ಅದೇ ಉದುರಿಸಿ ಕೊಟ್ಟಿತು.

ಆಮೇಲೆ ಕಲ್ಲಾಮೆಯ ಕಣಿವೆ. ಕಲ್ಲಾಮೆಗೆ ಎಲೆಯಲ್ಲಿ ಸೋಮಾರಿ ಎಂಬ ಹೆಸರು. "ಸೋಮಾರಿಯಂತೆ! ಬೆನ್ನ ಮೇಲೆ ಇಡೀ ಬೆಟ್ಟ ಹೊತ್ತಿದ್ದೀನಿ ಕಣೇ. ನಾನು ಒಂದು ಹೆಜ್ಜೆ ಇಟ್ಟರೆ ನಿಮ್ಮೂರು ಉಳಿಯುತ್ತಾ?" ಎಂದು ಅದು ಗುಡುಗಿತು. ಬಂಡೆಗಳು ಉರುಳಿದವು. ಚಂದವ್ವ ಅಲ್ಲೂ ಕದಲದೆ ಕುಳಿತು ಕೇಳಿದಳು. ತನ್ನ ಬೆನ್ನಿನ ಬಿಳಿ ಸುಣ್ಣವನ್ನು ಅವಳು ಕೆರೆದುಕೊಳ್ಳಲು ಕಲ್ಲಾಮೆ ಬಿಟ್ಟಿತು.

ಕೊನೆಗೆ ಯಾಳಿಮಡು. ಕಾಲು ಕೆಸರಿಗೆ ಇಟ್ಟಳೋ ಇಲ್ಲವೋ, ನೀರು ಸೀಳಿಕೊಂಡು ಯಾಳಿ ಬಂದು ಅವಳನ್ನು ಬಾಯಲ್ಲಿ ಹಿಡಿದೇಬಿಟ್ಟಿತು. ಹಲ್ಲು ಚರ್ಮಕ್ಕೆ ನಾಟಿತು. ಭಯಕ್ಕಿಂತ ಅವಳಿಗೆ ಸಿಟ್ಟೇ ಹೆಚ್ಚಾಯಿತು.

"ನಾಚಿಕೆ ಆಗಲ್ವಾ ನಿಂಗೆ? ಇದೇ ಬಾಯಲ್ಲಿ ನನ್ನ ಎತ್ತಿ ತಂದಿದ್ದೆ! ಹೊಳೆಯಾಳಿ ಬಂತು, ಮುಳುಗಿದವರ ಹೊತ್ತು ತಂತು! ಮರೆತುಹೋಯ್ತಾ?"

ಎಷ್ಟೋ ಕಾಲಕ್ಕೆ ಆ ಕೂಗು ಕೇಳಿ ಯಾಳಿ ಗಡಗಡ ನಡುಗಿತು. ಅವಳನ್ನು ದಡಕ್ಕೆ ಉಗುಳಿ ಕೂಗಾಡಿತು. "ನಂಗೆ ನಾಚಿಕೆನಾ? ಅವರಿಗಾಗಬೇಕು! ತಲೆತಲಾಂತರದಿಂದ ಎತ್ತಿ ಎತ್ತಿ ಹಾಕಿದ್ದೀನಿ. ಒಬ್ಬ, ಒಬ್ಬನಾದರೂ ಆ ಹೊಸ ಕೂಗು ಸುಳ್ಳು ಅಂದನಾ? ಈ ಹಸಿವು ನನ್ನದಲ್ಲ ತಾಯೀ. ಅವರು ನನ್ನ ಹೊಟ್ಟೆಗೆ ತುರುಕಿದ್ದು."

ಚಂದವ್ವನ ಕಣ್ಣು ತುಂಬಿತು. "ಸಿಟ್ಟಾಗಬೇಡ. ಯಾರೂ ನಿನಗೆ ಹೆದರದ ಹಾಗೆ ಬರೀತೀನಿ" ಎಂದು ಕಪ್ಪು ಕೆಸರು ಕಲಸಿ ಕುಳಿತಳು. ದುಂಡು ಕಣ್ಣು ಬರೆದಳು, ಉಬ್ಬಿದ ಕೆನ್ನೆ ಬರೆದಳು. ಹಲ್ಲು ಬರೆಯಲೇ ಇಲ್ಲ. ಬೊಚ್ಚುಬಾಯಿ ಬಿಟ್ಟು ನಗುವ ಮುದ್ದು ಯಾಳಿ. ಬರೆದು ಕುಂಚ ಎತ್ತಿದಳು ಅಷ್ಟೇ, ಬಣ್ಣವೆಲ್ಲ ಜಾರಿ ನೆಲಕ್ಕೆ ಸುರಿಯಿತು.

ಯಾಳಿಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. "ಏನೇ ಇದು? ಹಲ್ಲಿಲ್ಲದ ಯಾಳಿನಾ? ಪ್ರವಾಹದಲ್ಲಿ ಕೊಚ್ಚಿ ಹೋಗೋರನ್ನ ತುಟಿಯಲ್ಲಿ ಹಿಡೀಲಾ? ಅವನು ಹಾಗೆ ಸುಳ್ಳು ಬರೆದ, ನೀನು ಹೀಗೆ ಸುಳ್ಳು ಬರೀತೀಯ! ನನ್ನ ಹಲ್ಲು ಚೂಪೇ. ಎತ್ತೋಕೆ ಅಂತ ಚೂಪು. ಇದ್ದದ್ದನ್ನ ಇದ್ದ ಹಾಗೆ ಬರೆಯೋಕೆ ನಿಮಗೆಲ್ಲ ಏನು ರೋಗ?"

ಚಂದವ್ವ ತಲೆ ತಗ್ಗಿಸಿದಳು. ಮತ್ತೆ ಕುಳಿತು ಒಂದೊಂದೇ ಹಲ್ಲನ್ನು ನೋಡಿ ನೋಡಿ ಬರೆದಳು. ಆ ಹಲ್ಲಿನ ನಡುವೆ ಕೆಂಪು ಬಟ್ಟೆಯ ಮಗು. ಈ ಸಲ ಬಣ್ಣ ಗಟ್ಟಿಯಾಗಿ ಕೂತಿತು.

ಅಮಾವಾಸ್ಯೆಯ ಬೆಳಿಗ್ಗೆ ಹೊಳೆದಂಡೆಯ ಮೇಲೆ ಊರೆಲ್ಲ ಸೇರಿತ್ತು. ಈಟಿ ಹಿಡಿದ ಭಟರು ಸಾಲಾಗಿ ನಿಂತಿದ್ದರು, ರಾಯ ಪಲ್ಲಕ್ಕಿಯಲ್ಲಿ ಕುಳಿತಿದ್ದ. ಚಂದವ್ವ ಎಲೆಯನ್ನು ಎತ್ತಿ ಹಿಡಿದಳು. ಧೂಮಕಂಠ ಕಿಸಕ್ಕನೆ ನಕ್ಕ. "ನೋಡಿದಿರಾ ಹಲ್ಲು! ಇವಳೇ ಬರೆದು ತಂದಿದ್ದಾಳೆ!" ಜನ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಚಂದವ್ವನ ಸಿಟ್ಟು ನೆತ್ತಿಗೇರಿತು. "ಹೌದು, ಹಲ್ಲಿದೆ! ಆ ಹಲ್ಲಿಂದಲೇ ನೀವು ಬದುಕಿರೋದು! ಏನು ಅಂಬಿಗರ ಮಾಸ್ತ್ಯಣ್ಣ, ದೋಣಿ ಮಗುಚಿದಾಗ ನಿನ್ನನ್ನ ದಡಕ್ಕೆ ತಂದೋರು ಯಾರು, ನಿಮ್ಮತ್ತೆಯಾ? ಸಂಕವ್ವಾ, ನಿನ್ನ ಅವಳಿ ಮಕ್ಕಳನ್ನ ಒಂದೇ ಸಲಕ್ಕೆ ಎತ್ತಿ ತಂದದ್ದು ಯಾರು? ದಿನಾ ಸಂಜೆ ಅದರ ಮೇಲೇ ಸುಳ್ಳು ಕೂಗ್ತೀರಲ್ಲ, ಅನ್ನ ಹೇಗೆ ಇಳಿಯುತ್ತೆ ಗಂಟಲಲ್ಲಿ? ಬುದ್ಧೀ, ನೀವೂ ಪಟ್ಟಕ್ಕೆ ಬರೋ ಮೊದಲು ಈಜೋಕೆ ಹೋಗಿ ಮುಳುಗಿರಲಿಲ್ವಾ?"

ಗಜಸಿಂಗರಾಯನ ಮುಖ ಸಣ್ಣದಾಯಿತು. ಅವನು ಕೆಳಗಿಳಿದು ಬಂದು ಅವಳ ಕೈಯಿಂದ ಎಲೆ ತೆಗೆದುಕೊಂಡು ನೆಲಕ್ಕೆ ಎಸೆದ. "ಹೊಳೆಯಾಳಿ ಬಂತು, ಮುಳುಗಿದವರ ಹೊತ್ತು ತಂತು!" ಎಂದು ಗಟ್ಟಿಯಾಗಿ ಕೂಗಿದ. ಹಿಂದೆಯೇ ಮಾಸ್ತ್ಯಣ್ಣ ಕೂಗಿದ, ಸಂಕವ್ವ ಕೂಗಿದಳು, ಊರಿಗೆ ಊರೇ ಕೂಗಿತು.

ಧೂಮಕಂಠ ಹಲ್ಲು ಕಡಿದು ಹೊಳೆಯ ಮೇಲೆ ಹೊಗೆ ಊದಿದ. ಹೊಳೆ ಅವನ ಹಿಡಿತಕ್ಕೆ ಸಿಗದೆ ಉಕ್ಕಿ ದಂಡೆಗೆ ನುಗ್ಗಿತು. ರಾಜ, ಭಟರು, ಮುದುಕರು, ಮಕ್ಕಳು ಎಲ್ಲರೂ ನೀರುಪಾಲು! ನುಗ್ಗಿದ ನೀರು ಊದಿದವನನ್ನೂ ಬಿಡಲಿಲ್ಲ, ಕಾಲು ಜಾರಿ ಅವನೂ ಬಿದ್ದ. ಆಗ ಮಡುವಿನಿಂದ ಯಾಳಿ ಎದ್ದಿತು. ಕಣ್ಣಿನ ಕೆಂಪು ಹೋಗಿತ್ತು. ಒಬ್ಬೊಬ್ಬರನ್ನೇ ಕಚ್ಚಿ ಹಿಡಿದು ದಡಕ್ಕೆ ಹಾಕುತ್ತ ಬಂತು. ಯಾರ ಮೈಮೇಲೂ ಒಂದು ಗೀರು ಬೀಳಲಿಲ್ಲ.

ಕೊನೆಗೆ ನೀರಲ್ಲಿ ಉಳಿದವನು ಧೂಮಕಂಠನೊಬ್ಬನೇ. "ಬಿಡು, ಸಾಯಲಿ!" ಎಂದು ಜನ ಕಿರುಚಿದರು. ಯಾಳಿ ಅವರ ಕಡೆ ಒಮ್ಮೆ ದುರುಗುಟ್ಟಿ ನೋಡಿತು. ಧುಮುಕಿ, ಅವನ ಕತ್ತಿನ ಪಟ್ಟಿ ಹಿಡಿದು ತಂದು, ದೊಪ್ಪನೆ ಮರಳಿಗೆ ಎಸೆಯಿತು.

"ಥೂ! ಬಾಯೆಲ್ಲ ಹೊಗೆ ವಾಸನೆ! ನಿನ್ನಂಥವನನ್ನೂ ಎತ್ತಬೇಕಲ್ಲ, ನನ್ನ ಕರ್ಮ!"

ಗಂಟಲಿಗೆ ನೀರು ನುಗ್ಗಿ ಧೂಮಕಂಠನ ಹೊಗೆ ಆರಿಹೋಗಿತ್ತು. ಬಾಯಿ ತೆರೆದರೆ ಬರೀ ಕೆಮ್ಮು. ಅಂದಿನಿಂದ ಬೊಮ್ಮೋಜನ ಮನೆಯಲ್ಲಿ ಬಣ್ಣ ಅರೆಯುವುದೇ ಅವನ ಕೆಲಸ ಆಯಿತು. ಚಂದವ್ವ ಪ್ರಾಣಿಗಳನ್ನು ಕೇಳಿ ಕೇಳಿ ಹೊಸ ಕಟ್ಟು ಬರೆದಳು, ಜನ ಆಡಿ ಕೂಗಿ ಉಂಡುಟ್ಟು ಸುಖವಾಗಿದ್ದರು. ಹೊಳೆಯಾಳಿಯ ಸಿಟ್ಟು ಮಾತ್ರ ಬಹಳ ಕಾಲ ಇಳಿಯಲಿಲ್ಲ. ಎತ್ತಿ ತಂದವರಿಗೆಲ್ಲ ಚೆನ್ನಾಗಿ ಬೈದೇ ಕಳಿಸುತ್ತಿತ್ತು. ಬೈಸಿಕೊಂಡವರು ಒಂದು ಮಾತೂ ಎದುರಾಡದೆ, ಕೈಮುಗಿದು ಮನೆಗೆ ಹೋಗುತ್ತಿದ್ದರು.